ಲಸ್ರಾದೊ ಮೇಡಂ ನಮ್ಮ ಮನೆಯಲ್ಲಿದ್ದ ದಿನಗಳು

2 ನವೆಂಬರ್ 2006, ಗುರುವಾರ

ಓ ಮೈ ಗಾಡ್! ಲಸ್ರಾದೊ ಮೇಡಂ ನಮ್ಮ ಮನೆಯಲ್ಲಿ ಉಳಿಯುತ್ತಾರೆ! ನಮ್ಮ ಮನೆಯಲ್ಲಿ! ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಈ ಪುಟ್ಟ ಫ್ಲ್ಯಾಟಿನಲ್ಲಿ, ನಾನೇ ಆರಿಸಿದ ಕರ್ಟನ್‌ಗಳ ನಡುವೆ, ಇನ್ನೂ ಪ್ಯಾಕೆಟ್ ಒಡೆಯದ ಬೆಡ್‌ಶೀಟಿನ ಮೇಲೆ, ಒಂಬತ್ತು ದಿನ!

ಗೇಬ್ರಿಯಲ್, ನನ್ನ ಗೇಬಿ, ಆಫೀಸಿನಿಂದ ಬಂದವನೇ ಶೂ ಕೂಡ ಬಿಚ್ಚದೆ ಸುದ್ದಿ ಹೇಳಿದ. ಊರಿನಿಂದ ಬಂದ ಅತಿಥಿಯನ್ನು ಹೋಟೆಲಿನಲ್ಲಿ ಇಳಿಸುವುದು ಇಲ್ಲಿನ ನಮ್ಮ ಮಂಗಳೂರು ಸಂಘದವರಿಗೆ ಅವಮಾನವಂತೆ. ಯಾರದಾದರೂ ಮನೆಯಲ್ಲೇ ಇರಬೇಕು. ಬೇರೆಯವರಿಗೆಲ್ಲ ಮಕ್ಕಳು, ಪರೀಕ್ಷೆ. ನಮಗೆ ಮದುವೆಯಾಗಿ ಹನ್ನೊಂದು ವಾರ, ಒಂದು ರೂಮು ಖಾಲಿ. ಸಂಘದ ಅಧ್ಯಕ್ಷ ಟೋನಿ ಅಂಕಲ್ ಗೇಬಿಯ ಟೇಬಲ್ಲಿಗೇ ಬಂದು ಕೇಳಿದರಂತೆ. ಅವರು ಗೇಬಿಯ ಬಾಸ್ ಕೂಡ. ಅವನಿಗೆ ಇಲ್ಲಿ ಕೆಲಸ ಕೊಡಿಸಿದ್ದು, ನನ್ನ ಫ್ಯಾಮಿಲಿ ವೀಸಾಕ್ಕೆ ಓಡಾಡಿದ್ದು ಎಲ್ಲ ಅವರೇ. ಅವರಿಗೆ ಇಲ್ಲ ಎನ್ನುವುದುಂಟೇ!

ಪ್ರೊಫೆಸರ್ ಬರ್ನಡೆಟ್ ಲಸ್ರಾದೊ ಮಾತಾಡುತ್ತಾರೆ ಎಂದರೆ ಮಂಗಳೂರಿನಲ್ಲಿ ಹಾಲ್‌ನ ಕಿಟಕಿಗಳಲ್ಲೂ ಜನ ಕೂತಿರುತ್ತಿದ್ದರು. ಸಂಸಾರದ ಬಗ್ಗೆ ಅವರು ಮಾಡಿದ ಭಾಷಣಗಳ ಕ್ಯಾಸೆಟ್ಟುಗಳನ್ನು ಮಮ್ಮಿ ಮೀನು ಕೊಯ್ಯುವಾಗ ಹಾಕುತ್ತಿದ್ದರು. ಯಾವ ಜೋಕಿಗೆ ಜನ ಎಷ್ಟು ಹೊತ್ತು ನಗುತ್ತಾರೆ ಎಂದು ನನಗೆ ಬಾಯಿಪಾಠ. ಈಗ ಗಲ್ಫ್ ಪ್ರವಾಸ: ಮೊದಲು ಬಹರೈನ್, ಆಮೇಲೆ ದೋಹಾ. ಹದಿನೇಳನೇ ತಾರೀಕು ಶುಕ್ರವಾರ ಇಲ್ಲಿನ ಒಂದು ಶಾಲೆಯ ಹಾಲ್‌ನಲ್ಲಿ ಭಾಷಣ. ಸ್ವಾಗತ ನನ್ನ ಗೇಬಿಯದು! ಬರೆದುಕೊಡುವುದು ನಾನು!

ಟೋನಿ ಅಂಕಲ್‌ರ ಹೆಂಡತಿ ಲೊರ್ನಾ ಆಂಟಿ ಆಗಲೇ ಊಟದ ಪಟ್ಟಿ ಮಾಡಿ ಎಲ್ಲರಿಗೂ ಮೇಲ್ ಹಾಕಿದ್ದಾರೆ. ಒಂದೊಂದು ಹೊತ್ತು ಒಂದೊಂದು ಮನೆಯಲ್ಲಿ. ಹದಿನಾರು ಊಟಕ್ಕೆ ಇಪ್ಪತ್ತೊಂದು ಮನೆಯವರ ಪೈಪೋಟಿ. ನನ್ನ ಪಾಲಿಗೆ ಬೆಳಗಿನ ಚಾ ಮತ್ತು ಬ್ರೆಡ್ ಮಾತ್ರ. ಥ್ಯಾಂಕ್ ಗಾಡ್, ನನಗೆ ಬರುವುದೂ ಅಷ್ಟೇ.

ಈ ಡೈರಿ ಕನ್ನಡದಲ್ಲಿ ಯಾಕೆಂದರೆ ಬಾಂಬೆಯಲ್ಲಿ ಬೆಳೆದ ನನ್ನ ಗೇಬಿಗೆ ಕನ್ನಡ ಓದಲು ಬರುವುದಿಲ್ಲ. ಅವನ ಬಗ್ಗೆ ಎಷ್ಟು ಬೇಕಾದರೂ ಹೊಗಳಿ ಬರೆಯಬಹುದು, ಅವನು ಉಬ್ಬುವುದಿಲ್ಲ!

4 ನವೆಂಬರ್, ಶನಿವಾರ

ಐನ್ ಖಾಲಿದ್‌ನಲ್ಲಿ ಲೊರ್ನಾ ಆಂಟಿಯ ವಿಲ್ಲಾದಲ್ಲಿ ಮೀಟಿಂಗ್. ಎಂಥ ಮನೆ! ಎಂಥ ಸೋಫಾ! ಹೂಗುಚ್ಛ ಯಾರು ಕೊಡಬೇಕು ಎಂಬುದಕ್ಕೇ ಮುಕ್ಕಾಲು ಗಂಟೆ. ಮನೆಗೆಲಸದ ಮ್ಯಾಗ್ಡಲಿನ್ ಆಂಟಿಯ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಹದಿನಾಲ್ಕು ಜನರಿಗೆ ಚಾ ಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ! ಕಿನ್ನಿಗೋಳಿ ಕಡೆಯವಳಂತೆ, ಮೂವತ್ತೈದು ದಾಟಿರಬಹುದು, ಆದರೂ ಎಲ್ಲರೂ ಅವಳನ್ನು ‘ಹುಡುಗಿ’ ಎಂದೇ ಕರೆಯುತ್ತಾರೆ.

“ನಿನಗೂ ಮಗು ಆಗಲಿ, ಒಬ್ಬಳನ್ನು ತರಿಸಿಕೊಡ್ತೇನೆ. ನಮ್ಮ ಕಡೆಯವರೇ ಒಳ್ಳೆಯದು, ಎದುರು ಮಾತಾಡುವುದಿಲ್ಲ,” ಎಂದರು ಆಂಟಿ. ನಾನು ನಾಚಿ ಕೆಂಪಾದೆ.

5 ನವೆಂಬರ್, ಭಾನುವಾರ

ಬಹರೈನ್‌ನಿಂದ ಕಸಿನ್ ನಟಾಶಾಳ ಮೇಲ್! ಮೇಡಂ ಅಲ್ಲಿ ಎರಡು ಗಂಟೆ ಮಾತಾಡಿದರಂತೆ. ಉದ್ದದ ವರದಿ. “ಹಾಲ್ ನಡುಗಿತು” ಎಂಬ ಸಾಲು ಓದಿ ನನಗೆ ತಡೆಯಲಾಗಲಿಲ್ಲ. ಹಾಗೆಯೇ ಸಂಘದ ನೂರನಲವತ್ತು ಜನರಿಗೂ ಕಳಿಸಿಬಿಟ್ಟೆ. ಮೇಲೆ ನನ್ನದೊಂದು ಸಾಲು: “ದೋಹಾ, ನೀವು ರೆಡಿನಾ?” ಎಂಟು ಆಶ್ಚರ್ಯಸೂಚಕ ಚಿಹ್ನೆ.

6 ನವೆಂಬರ್, ಸೋಮವಾರ

ಮೇಲ್‌ನ ಕೊನೆಯ ಭಾಗ ನಾನು ಓದಿರಲಿಲ್ಲ.

ಮೇಡಂ ಬಹರೈನ್‌ನವರಿಗೆ ಕೊನೆಗೆ ಒಂದು ಪ್ರಶ್ನೆ ಕೇಳಿದ್ದರಂತೆ. “ಶುಕ್ರವಾರ ನಿಮಗೆಲ್ಲ ರಜೆ. ಚರ್ಚಿನ ಪೂಜೆಗೆ ಬರ್ತೀರಿ, ಪಿಕ್‌ನಿಕ್ಕಿಗೆ ಹೋಗ್ತೀರಿ. ನಿಮ್ಮ ಮನೆಗೆಲಸದವಳಿಗೆ ಯಾವ ವಾರ ರಜೆ? ಅವಳ ಪಾಸ್‌ಪೋರ್ಟ್ ಯಾರ ಕಪಾಟಿನಲ್ಲಿ ಉಂಟು? ಅವಳ ಕೈಯಲ್ಲೇ ಉಂಟು ಎನ್ನುವವರು ಕೈ ಎತ್ತಿ.” ಒಬ್ಬರೂ ಎತ್ತಲಿಲ್ಲ. ಹಾಲ್ ನಡುಗಿದ್ದು ಕುರ್ಚಿ ಸರಿಸಿ ಎದ್ದು ಹೋದವರಿಂದ.

ಇಲ್ಲಿಯೂ ಆ ಮೇಲ್‌ಗೆ ಉತ್ತರಗಳ ಮೇಲೆ ಉತ್ತರ. “ಟಿಕೆಟು ನಮ್ಮದು, ಊಟ ನಮ್ಮದು, ಬೈಗುಳವೂ ನಮಗಾ?” “ಟೀಚರ್‌ಬಾಯಿ ಬಂದು ನಮ್ಮ ಪಾತ್ರೆ ತೊಳೆಯಲಿ, ಆಮೇಲೆ ಭಾಷಣ.” “ನಾವು ಅರಬರ ಕೈಕೆಳಗೆ ಸಾಯುವಾಗ ಈ ಹೆಂಗಸು ಎಲ್ಲಿದ್ದಳು?”

ಗೇಬಿ ಬಂದವನು ನನ್ನನ್ನೇ ನೋಡಿದ. “ಕಳಿಸುವ ಮೊದಲು ಓದಬಾರದಿತ್ತಾ, ಸ್ವೀಟ್‌ಹಾರ್ಟ್?” ಬೈಯಲಿಲ್ಲ. ಎಷ್ಟು ಒಳ್ಳೆಯವನು! ಆದರೆ ಊಟ ಬಿಟ್ಟ.

9 ನವೆಂಬರ್, ಗುರುವಾರ

ಊಟದ ಪಟ್ಟಿಯಿಂದ ಇವತ್ತಿಗೆ ಒಂಬತ್ತು ಮನೆ ಹೋದವು. ಒಬ್ಬರ ಮಗುವಿಗೆ ಜ್ವರ. ಒಬ್ಬರ ಮನೆಗೆ ಪೇಂಟಿಂಗ್. ಒಬ್ಬರು ಮಾತ್ರ ನೇರ ಹೇಳಿದರು, “ನೋಡು ಫ್ರೀಡಾ, ನನ್ನ ಅಡುಗೆ ಮಾಡುವುದು ನನ್ನ ಹುಡುಗಿ. ಅವಳ ಕೈಯಡುಗೆ ತಿಂದು ನನಗೇ ಪಾಠ ಹೇಳುವುದು ಬೇಡ.”

ಭಾಷಣ ರದ್ದು ಮಾಡಬೇಕೆಂದು ಸಂಘದಲ್ಲಿ ಅರ್ಧ ಜನ. ಆದರೆ ಟಿಕೆಟು, ಹಾಲ್ ಎಲ್ಲ ಆಗಿಬಿಟ್ಟಿದೆ.

ಲೊರ್ನಾ ಆಂಟಿ ಪಟ್ಟಿಯಲ್ಲೇ ಇದ್ದಾರೆ. ಮೊದಲ ಊಟ ಅವರದು. ದೇವರು ದೊಡ್ಡವನು.

10 ನವೆಂಬರ್, ಶುಕ್ರವಾರ

ಬಂದರು! ನಾನು ನೆನೆದುಕೊಂಡದ್ದಕ್ಕಿಂತ ಕುಳ್ಳಗೆ, ಕಾಲಿಗೆ ಕ್ಯಾನ್‌ವಾಸ್ ಶೂ. ಏರ್‌ಪೋರ್ಟಿಗೆ ಸಂಘದವರು ಯಾರೂ ಬಂದಿರಲಿಲ್ಲ. ಹೂಗುಚ್ಛ ನಾನೇ ಕೊಟ್ಟೆ. “ಉಳಿದವರು?” ಎಂದು ಕೇಳಿದರು. “ಡ್ಯೂಟಿ, ಮೇಡಂ,” ಎಂದೆ. “ಶುಕ್ರವಾರ?” ಎಂದರು.

ಕಾರಿನಲ್ಲಿ ಗೇಬಿಯ ಮೊಬೈಲಿಗೆ ಆಂಟಿಯ ಮೆಸೇಜ್. ನಾಳೆ ಊಟ ಆಗುವುದಿಲ್ಲ. ಕಾರಣ ಬರೆದಿರಲಿಲ್ಲ.

12 ನವೆಂಬರ್, ಭಾನುವಾರ

ನಿನ್ನೆ ಎರಡು ಹೊತ್ತು, ಇವತ್ತು ಎರಡು ಹೊತ್ತು, ಎಲ್ಲ ನಾನೇ. ಚಪಾತಿ ಒಂದೊಂದೂ ಒಂದೊಂದು ದೇಶದ ನಕ್ಷೆ. ಬಂಗುಡೆ ಸಾರಿಗೆ ಹುಳಿ ಎಷ್ಟು ಎಂದು ಮಮ್ಮಿಗೆ ಫೋನ್ ಮಾಡಿದೆ. ಮೇಡಂ ಒಂದು ತುತ್ತು ತಿಂದು, “ನಿನ್ನ ಮಮ್ಮಿ ಇಡೀ ಹುಣಸೆಮರ ಹಾಕಲು ಹೇಳಿದ್ದಾ?” ಎಂದರು. ನಗು ಬಂತು, ಅಳುವೂ ಬಂತು.

ಸತ್ಯ ಬರೆಯುತ್ತೇನೆ. ಕ್ಯಾಸೆಟ್ಟಿನ ಮೇಡಂ ಸುಲಭ. ಮನೆಯಲ್ಲಿರುವ ಮೇಡಂಗೆ ಚಾ ಬಿಸಿ ಸಾಲದು, ಫ್ಯಾನು ಜೋರು, ತಲೆದಿಂಬು ಎತ್ತರ. ಹಾಲ್‌ನಲ್ಲಿ ಎಷ್ಟು ಕುರ್ಚಿ ಹಾಕಿಸಿದ್ದೀರಿ ಎಂದು ದಿನಕ್ಕೆ ಮೂರು ಸಲ ಕೇಳುತ್ತಾರೆ. ಮುನ್ನೂರು ಎನ್ನುತ್ತೇನೆ. “ಬಹರೈನ್‌ನಲ್ಲಿ ಐನೂರು ಇತ್ತು,” ಎನ್ನುತ್ತಾರೆ.

ಮಧ್ಯಾಹ್ನ ಕೆಳಗಿನ ಫ್ಲ್ಯಾಟಿನ ಹಬೀಬಾ ಬಾಗಿಲು ತಟ್ಟಿದರು. ಉಳ್ಳಾಲದವರು, ಹದಿನೆಂಟು ವರ್ಷದಿಂದ ಇಲ್ಲೇ. “ಎಂತ ಮಾರಾಯ್ತಿ, ಎರಡು ದಿನದಿಂದ ನಿನ್ನ ಅಡುಗೆಮನೆಯಿಂದ ಬರೀ ಕರಟಿದ ವಾಸನೆ,” ಎಂದು ಒಂದು ಡಬ್ಬಿ ಅಕ್ಕಿರೊಟ್ಟಿ, ಕೋಳಿಸಾರು ಕೊಟ್ಟರು. ಮೇಡಂ ಮೂರು ರೊಟ್ಟಿ ತಿಂದು ಬೆರಳು ನೆಕ್ಕಿದರು. ನಾನೂ.

13 ನವೆಂಬರ್, ಸೋಮವಾರ

ಪಟ್ಟಿಯಲ್ಲಿ ಯಾರೂ ಉಳಿದಿಲ್ಲ.

ಲ್ಯಾಂಡ್‌ಲೈನಿಗೆ ಐದು ಸಲ ಫೋನ್. ಎತ್ತಿದರೆ ಕಟ್. ಆರನೆಯ ಸಲ ಒಬ್ಬ ಗಂಡಸು, ಒಳ್ಳೆಯ ಕೊಂಕಣಿಯಲ್ಲಿ: “ಕೆಲಸದವರ ರಾಣಿ ಇದ್ದಾಳಾ ಮನೆಯಲ್ಲಿ?”

ಬಟ್ಟೆ ಒಗೆಯುವುದು ಬಾಕಿ. ಸೊಂಟ ನೋಯುತ್ತದೆ.

14 ನವೆಂಬರ್, ಮಂಗಳವಾರ

ಮೇಡಂಗೆ ಮನೆಯೊಳಗೆ ಕೂತು ಬೇಸರ. ಟ್ಯಾಕ್ಸಿಯಲ್ಲಿ ಸೂಕ್ ವಾಕಿಫ್‌ಗೆ ಕರೆದುಕೊಂಡು ಹೋದೆ. ಅರ್ಧ ಮಾರುಕಟ್ಟೆ ಅಗೆದು ಹಾಕಿದ್ದಾರೆ, ಎಲ್ಲೆಲ್ಲೂ ಮಣ್ಣು. ಮೇಡಂ ಏಲಕ್ಕಿ ಮೂಸುತ್ತಾ ಖುಷಿಯಲ್ಲಿದ್ದರು.

ಖರ್ಜೂರದ ಅಂಗಡಿಯ ಹತ್ತಿರ ನಮ್ಮ ಸಂಘದ ಎರಡು ಸಂಸಾರ. ನಾನು ಕೈ ಎತ್ತಿದೆ. ಹೆಂಗಸರು ಬೇರೆ ಕಡೆ ನೋಡಿದರು. ಗಂಡಸರಲ್ಲಿ ಒಬ್ಬ, ನನ್ನ ಮದುವೆಯ ಪಾರ್ಟಿಯಲ್ಲಿ ಕುಣಿದವನು, ಗಟ್ಟಿಯಾಗಿ ಹೇಳಿದ: “ಬೇಗ ಮನೆಗೆ ನಡೀರಿ, ಇಲ್ಲದಿದ್ದರೆ ಟೀಚರ್‌ಬಾಯಿ ನಿಮಗೆಲ್ಲ ಪೊರಕೆ ಹಂಚುತ್ತಾರೆ.” ಎಲ್ಲರೂ ನಕ್ಕರು. ಅವರ ಮಗು ಎತ್ತಿಕೊಂಡಿದ್ದವಳು ಮಾತ್ರ ನಗಲಿಲ್ಲ. ಅವಳು ಯಾರೆಂದು ನಾನು ಇಷ್ಟು ದಿನ ಕೇಳಿಯೇ ಇಲ್ಲ.

ಮೇಡಂ ನೆಟ್ಟಗೆ ಅವನ ಮುಂದೆ ಹೋಗಿ, “ಪೊರಕೆ ಹಿಡಿಯಲು ಬರುತ್ತದಾ ನಿಮಗೆ? ಕಲಿಸಿಕೊಡ್ತೇನೆ,” ಎಂದರು. ಅವನ ನಗು ಇಳಿಯಿತು. ಟ್ಯಾಕ್ಸಿಯಲ್ಲಿ ಮೇಡಂ ಏಲಕ್ಕಿಯ ಪೊಟ್ಟಣ ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟುತ್ತಿದ್ದರು. ನಾನು ನೋಡದ ಹಾಗೆ ಕಿಟಕಿಯ ಕಡೆ ತಿರುಗಿದೆ.

15 ನವೆಂಬರ್, ಬುಧವಾರ

ಮೇಡಂ ಹಬೀಬಾರ ಮನೆಗೆ ಇಳಿದಿದ್ದಾಗ ಟೋನಿ ಅಂಕಲ್ ಬಂದರು. ಗೇಬಿಯ ಜತೆ, ಆಫೀಸಿನ ಕಾರಿನಲ್ಲಿ. ಸೋಫಾದ ತುದಿಯಲ್ಲಿ ಕೂತರು. ಚಾ ಬೇಡ ಎಂದರು.

“ಸಂಘ ರದ್ದು ಮಾಡಿದರೆ ಊರಿನ ಪೇಪರಿನಲ್ಲಿ ಬರ್ತದೆ. ಅದು ಬೇಡ. ಅವರೇ ಮೈ ಹುಷಾರಿಲ್ಲ ಅಂತ ಹೇಳಲಿ. ಖಲಾಸ್. ಯಾರಿಗೂ ಅವಮಾನ ಇಲ್ಲ. ನೀನು ಹೇಳಬೇಕು ಮಗಾ, ಹೆಂಗಸರು ಹೆಂಗಸರು. ಜನ ಕಲ್ಲು ಹೊಡೀತಾರೆ ಅಂತ ಸ್ವಲ್ಪ ಹೆದರಿಸು.”

“ಹೊಡೀತಾರಾ ಅಂಕಲ್?”

“ಛೆ, ಇದು ದೋಹಾ. ಸುಮ್ಮನೆ ಹೇಳು ಅಂದೆ.” ಆಮೇಲೆ ಗೇಬಿಯ ಬೆನ್ನು ತಟ್ಟಿದರು. “ಇವನ ಕಾಂಟ್ರ್ಯಾಕ್ಟ್ ಡಿಸೆಂಬರಿಗೆ ಮುಗೀತದೆ ಅಲ್ಲವಾ? ನಾನಿದ್ದೇನಲ್ಲ.”

ಅವರು ಹೋದ ಮೇಲೆ ಗೇಬಿ ನನ್ನ ಕೈ ಹಿಡಿದು, “ಪ್ಲೀಸ್ ಫ್ರೀಡಾ. ಒಂದು ಸುಳ್ಳು. ಒಂದೇ,” ಎಂದ. ಅವನ ಮುಖ ಎಷ್ಟು ಬಾಡಿತ್ತೆಂದರೆ ಹೂಂ ಎಂದೆ. ಕೆಲಸ ಹೋದರೆ ನನ್ನ ವೀಸಾ ಹೋಗುತ್ತದೆ, ಈ ಮನೆ ಹೋಗುತ್ತದೆ. ಅದು ನನಗೆ ಗೊತ್ತಿಲ್ಲವೇ?

ಹೇಳಲು ಇವತ್ತು ಆಗಲಿಲ್ಲ. ಮೇಡಂ ಹಬೀಬಾರ ಮನೆಯಿಂದ ನಗುತ್ತಾ ಬಂದರು.

16 ನವೆಂಬರ್, ಗುರುವಾರ

ಬೆಳಿಗ್ಗೆ ಗೇಬ್ರಿಯಲ್ ಬಾಗಿಲಲ್ಲಿ ನಿಂತು, “ಇವತ್ತು,” ಎಂದ. ಅಷ್ಟೇ.

ಬಟಾಣಿ ಬಿಡಿಸುತ್ತಾ ಕೂತಿದ್ದೆವು. ಶುರು ಮಾಡಿದ್ದು ಬೇರೆಯೇ ಮಾತಿನಿಂದ. “ಮೇಡಂ, ಬಹರೈನ್‌ನ ಮೇಲ್ ಎಲ್ಲರಿಗೂ ಕಳಿಸಿದ್ದು ನಾನು. ಓದದೆ. ಇಷ್ಟೆಲ್ಲ ಆದದ್ದು ನನ್ನಿಂದ.”

ಅವರು ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ನಾನು ಆಡಿದ ಮಾತನ್ನೇ ಕಳಿಸಿದ್ದು ತಾನೇ? ನೀನು ಸೇರಿಸಿದ್ದು ಏನಾದರೂ ಉಂಟಾ?”

“ಎಂಟು ಆಶ್ಚರ್ಯಸೂಚಕ.”

“ಅದು ಮಾತ್ರ ತಪ್ಪು.”

ನಾನು ಧೈರ್ಯ ಮಾಡಿ ಕೇಳಿದೆ, ಮಂಗಳೂರಿನ ನಿಮ್ಮ ಮನೆಯಲ್ಲಿ ಕೆಲಸಕ್ಕೆ ಯಾರಿದ್ದಾರೆ ಎಂದು. ಆಗ ಮಾತ್ರ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದರು.

“ಜರ್ಟ್ರೂಡ್. ಇಪ್ಪತ್ತೆರಡು ವರ್ಷ. ನಾನು ಊರೂರು ತಿರುಗಿ ಸಂಸಾರದ ಬಗ್ಗೆ ಮಾತಾಡುವಾಗ ನನ್ನ ಸಂಸಾರ ನೋಡಿಕೊಂಡದ್ದು ಅವಳು. ಅವಳಿಗೆ ಭಾನುವಾರ ರಜೆ ಕೊಡಲು ಶುರು ಮಾಡಿದ್ದು ಮೂರು ವರ್ಷದ ಹಿಂದೆ. ಅದೂ ನಾನಾಗಿ ಅಲ್ಲ. ಅವಳ ಅಣ್ಣ ಸತ್ತಾಗ ಹೋಗಬೇಡ, ನನಗೆ ಬೆಂಗಳೂರಿನಲ್ಲಿ ಪ್ರೋಗ್ರಾಂ ಉಂಟು ಎಂದಿದ್ದೆ. ಹೋಗಲಿಲ್ಲ ಅವಳು. ಅದರ ನಂತರ ಒಂದು ವರ್ಷ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಇನ್ನೊಂದು ಮಾತಾಡಲಿಲ್ಲ. ಅದಕ್ಕೆ ಸೋತು ರಜೆ ಕೊಟ್ಟದ್ದು. ಕ್ಯಾಸೆಟ್ಟಿನಲ್ಲಿ ಇದು ಇಲ್ಲ.”

“ನಾಳೆ ಹೇಳುತ್ತೀರಾ?”

“ಅದಕ್ಕೇ ಬಂದದ್ದು. ಬಹರೈನ್‌ನಲ್ಲಿ ಅವರನ್ನು ಮಾತ್ರ ಕೇಳಿದೆ, ನನ್ನದು ಹೇಳಲಿಲ್ಲ. ಹೆದರಿದೆ.”

ಮೈ ಹುಷಾರಿಲ್ಲದ ಮಾತು ನನ್ನ ಬಾಯಿಯಿಂದ ಬರಲಿಲ್ಲ. ಸಂಜೆ ಗೇಬ್ರಿಯಲ್ ಕೇಳಿದಾಗ ಹೇಳಲಿಲ್ಲ ಎಂದೆ. ಹೇಳುವುದೂ ಇಲ್ಲ ಎಂದೆ. ಅವನು ಟಿ.ವಿ. ಹಾಕಿದ. ತಲೆನೋವು.

17 ನವೆಂಬರ್, ಶುಕ್ರವಾರ

ಮರೆಯುವ ಮೊದಲು ಬರೆಯುತ್ತೇನೆ, ಕೈ ಸೋತಿದೆ.

ಬೆಳಿಗ್ಗೆಯೇ ಗೇಬ್ರಿಯಲ್ ಹೊಟ್ಟೆನೋವು ಎಂದ. ಸ್ವಾಗತಕ್ಕೆ ನಾನು ಬರೆದ ಮೂರು ಪುಟ ಫ್ರಿಜ್ಜಿನ ಮೇಲೆ ಇಟ್ಟಿದ್ದ. ತೆಗೆದುಕೊಂಡು ಮೇಡಂ ಜತೆ ಟ್ಯಾಕ್ಸಿ ಹತ್ತಿದೆ.

ಹಾಲ್‌ನಲ್ಲಿ ನೂರೈವತ್ತು ಜನ ಇದ್ದರು. ಕೇಳಲು ಬಂದವರಲ್ಲ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಧ್ಯಕ್ಷರ ಕುರ್ಚಿ ಖಾಲಿ. ಲೊರ್ನಾ ಆಂಟಿ ಎರಡನೇ ಸಾಲಿನಲ್ಲಿ, ಕೈಕಟ್ಟಿ. ನಮ್ಮ ಕಾರ್ಯಕ್ರಮಗಳಲ್ಲಿ ಮನೆಗೆಲಸದವರು ಹಿಂದಿನ ಗೋಡೆಗೆ ಒರಗಿ ನಿಲ್ಲುವುದು ರೂಢಿ. ಮಗು ಅತ್ತರೆ ಬೇಗ ಹೊರಗೆ ಒಯ್ಯಬೇಕಲ್ಲ. ಇವತ್ತೂ ಏಳೆಂಟು ಜನ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಮ್ಯಾಗ್ಡಲಿನ್ ಕೂಡ.

ವೇದಿಕೆಗೆ ಯಾರೂ ಹತ್ತಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ನಾನು ಹತ್ತಿದೆ. ಮೂರು ಪುಟದಲ್ಲಿ ಎಷ್ಟೊಂದು ವಿಶೇಷಣ ಬರೆದಿದ್ದೆ! ಒಂದನ್ನೂ ಓದಲಾಗಲಿಲ್ಲ. “ಇವರು ಬರ್ನಡೆಟ್ ಲಸ್ರಾದೊ. ನಮ್ಮ ಅತಿಥಿ,” ಎಂದು ಇಳಿದೆ.

ಮೇಡಂ ಬಾಯಿ ತೆರೆದದ್ದೇ ಕೆಮ್ಮು ಶುರು. ಒಬ್ಬರು ಕೆಮ್ಮಿದರೆ ಹತ್ತು ಜನ. ಆಮೇಲೆ ಕಾಲು ಬಡಿತ. “ಯಲ್ಲಾ, ನಡಿ, ಏರ್‌ಪೋರ್ಟಿಗೆ!” ಎಂದು ಹಿಂದಿನಿಂದ ಒಬ್ಬ. ಮೈಕ್ ಸತ್ತಿತು. ಯಾರೋ ವೈರು ಕಿತ್ತಿದ್ದರು. ಮೇಡಂ ವೇದಿಕೆಯ ಅಂಚಿಗೆ ಬಂದು ಬರೀ ಗಂಟಲಿನಲ್ಲಿ ಮಾತಾಡಿದರು. ಜರ್ಟ್ರೂಡ್‌ಳ ಕಥೆ ಹೇಳಿದರು. ಅಣ್ಣ ಸತ್ತ ದಿನದ ಕಥೆ. ಕಾಲು ಬಡಿತ ಸ್ವಲ್ಪ ಕಡಿಮೆಯಾದ ಹಾಗಿತ್ತು. ಆಗ ಲೊರ್ನಾ ಆಂಟಿ ಎದ್ದರು. “ನಿಮ್ಮ ಪಾಪ ನಮ್ಮ ಮೇಲೆ ಯಾಕೆ ಹಾಕ್ತೀರಿ? ನಮ್ಮ ಹುಡುಗಿಯನ್ನು ನಾವು ಮನೆಯವಳ ಹಾಗೆ ನೋಡ್ತೇವೆ!” ಎಂದು ಹೊರಟರು. ಅವರ ಹಿಂದೆ ಸಾಲು ಸಾಲಾಗಿ ಜನ. ಹೋಗುತ್ತಾ ಹೆಂಗಸರು ಹಿಂದಿನ ಗೋಡೆಯ ಕಡೆ “ಬಾ, ಬಾ” ಎಂದು ಕೈ ಮಾಡಿದರು. ಮಕ್ಕಳನ್ನು ಎತ್ತಿಕೊಂಡವರೆಲ್ಲ ಅವರ ಹಿಂದೆ ಹೊರಟರು.

ಮ್ಯಾಗ್ಡಲಿನ್ ಬಾಗಿಲಿನವರೆಗೆ ಹೋದಳು. ಅಲ್ಲಿ ಮಗುವನ್ನು ಆಂಟಿಯ ಕೈಗೆ ಕೊಟ್ಟಳು. ತಿರುಗಿ ಬಂದು ಹತ್ತಿರದ ಖಾಲಿ ಕುರ್ಚಿಯಲ್ಲಿ ಕೂತಳು. ಕೂತು ಸೀರೆಯ ಸೆರಗು ಸರಿಮಾಡಿಕೊಂಡಳು.

ಕೊನೆಗೆ ನಾವು ಹನ್ನೆರಡು ಜನ. ಮೇಡಂ ಇಳಿದು ಬಂದು ನಮ್ಮ ಜತೆ ಕುರ್ಚಿ ಹಾಕಿಕೊಂಡು ಕೂತು ಇನ್ನೂ ಮುಕ್ಕಾಲು ಗಂಟೆ ಮಾತಾಡಿದರು. ನಾನು ಸರಿಯಾಗಿ ಕೇಳಲಿಲ್ಲ. ಮ್ಯಾಗ್ಡಲಿನ್‌ಳನ್ನೇ ನೋಡುತ್ತಿದ್ದೆ. ಅವಳು ಒಮ್ಮೆಯೂ ಬಾಗಿಲ ಕಡೆ ನೋಡಲಿಲ್ಲ.

ಹೊರಗೆ ಬಂದರೆ ಗೇಟಿನ ಹತ್ತಿರ ಗೇಬ್ರಿಯಲ್ ಕಾರಿನಲ್ಲಿ ಕಾದಿದ್ದ. ಎಷ್ಟು ಹೊತ್ತಿನಿಂದ ಎಂದು ಕೇಳಲಿಲ್ಲ. ಒಳಗೆ ಬಂದಿರಲಿಲ್ಲ. ಆದರೆ ಬಂದಿದ್ದ.

18 ನವೆಂಬರ್, ಶನಿವಾರ

ಹಗಲಿಡೀ ಫೋನ್ ಒಮ್ಮೆಯೂ ರಿಂಗಾಗಲಿಲ್ಲ. ಒಂದು ದೃಷ್ಟಿಯಿಂದ ಆರಾಮ.

19 ನವೆಂಬರ್, ಭಾನುವಾರ

ಮೇಡಂರನ್ನು ಬಿಡಲು ಏರ್‌ಪೋರ್ಟಿಗೆ ಹೋದರೆ ಅಲ್ಲಿ ಟೋನಿ ಅಂಕಲ್. ಪಕ್ಕದಲ್ಲಿ ಮ್ಯಾಗ್ಡಲಿನ್, ಹಗ್ಗ ಕಟ್ಟಿದ ಒಂದು ಪೆಟ್ಟಿಗೆ. ಮುಂಬೈಗೆ ಅದೇ ವಿಮಾನ. ಅವಳನ್ನು ಕಳಿಸುತ್ತಿದ್ದಾರೆ. ಚೆಕ್-ಇನ್ ಕೌಂಟರಿನ ಎದುರು ಅಂಕಲ್ ಕೋಟಿನ ಒಳಜೇಬಿನಿಂದ ಅವಳ ಪಾಸ್‌ಪೋರ್ಟ್ ತೆಗೆದು ಕೈಗೆ ಕೊಟ್ಟರು. ಅವಳು ಅದನ್ನು ಬಿಡಿಸಿ ತನ್ನ ಫೋಟೋ ನೋಡಿದಳು. ನಮ್ಮ ಜತೆ ಅಂಕಲ್ ಮಾತಾಡಲಿಲ್ಲ. ಗೇಬ್ರಿಯಲ್ “ಗುಡ್ ಈವ್ನಿಂಗ್ ಸರ್” ಎಂದ, ಅದಕ್ಕೂ ಇಲ್ಲ.

ನನ್ನಿಂದ ಅವಳ ಕೆಲಸ ಹೋಯಿತು. ಹಾಗೆಂದು ಹೇಳಿದೆ ಕೂಡ. ಮ್ಯಾಗ್ಡಲಿನ್ ನನ್ನನ್ನು ಒಂದು ಥರ ನೋಡಿದಳು. “ನೀವು ನನ್ನನ್ನು ಕೂರಿಸಿದ್ದಾ? ಕೂತದ್ದು ನಾನಲ್ಲವಾ?” ಆಮೇಲೆ ಅವಳ ಪಕ್ಕದ ಮನೆಯ ಫೋನ್ ನಂಬರ್ ಬರೆದುಕೊಟ್ಟಳು. ಯಾಕೆಂದು ಗೊತ್ತಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮೇಡಂ ನನ್ನ ಕೆನ್ನೆ ಹಿಡಿದು, “ಸಾರಿಗೆ ಹುಳಿ ಕಡಿಮೆ ಹಾಕು,” ಎಂದರು. ಇಬ್ಬರೂ ಒಟ್ಟಿಗೆ ಒಳಗೆ ಹೋದರು. ಪೆಟ್ಟಿಗೆ ಮ್ಯಾಗ್ಡಲಿನ್ ಎತ್ತಲು ಹೋದಳು, ಮೇಡಂ ಬಿಡಲಿಲ್ಲ, ಅವರಿಂದ ಎತ್ತಲೂ ಆಗಲಿಲ್ಲ. ಕೊನೆಗೆ ಎಳೆದುಕೊಂಡು ಹೋದರು.

23 ನವೆಂಬರ್, ಗುರುವಾರ

ಕಾಂಟ್ರ್ಯಾಕ್ಟಿನ ಬಗ್ಗೆ ಆಫೀಸಿನಲ್ಲಿ ಇನ್ನೂ ಏನೂ ಹೇಳಿಲ್ಲ. ಗೇಬ್ರಿಯಲ್ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾನೆ. ಅವನ ಅರ್ಜಿಗಳ ಇಂಗ್ಲಿಷ್ ನಾನು ತಿದ್ದುತ್ತೇನೆ. ನಾನೂ ಎರಡು ಶಾಲೆಗಳಿಗೆ ಹಾಕಿದ್ದೇನೆ. ಅವನಿಗೆ ಇನ್ನೂ ಹೇಳಿಲ್ಲ, ಊಟಕ್ಕೆ ಕೂತಾಗ ಹೇಳಬೇಕು.

ಮಧ್ಯಾಹ್ನ ಲೊರ್ನಾ ಆಂಟಿಯ ಫೋನ್. ಮೊದಲು ಕೇಳಿಸಿದ್ದು ಅವರ ದನಿಯಲ್ಲ, ಮಗುವಿನ ಅಳು.

“ಫ್ರೀಡಾ, ನಿನ್ನ ಹತ್ತಿರ ಆ ಹುಡುಗಿಯ ನಂಬರ್ ಉಂಟಂತೆ, ಟೋನಿ ಹೇಳಿದರು. ಕೊಡು. ನಾಲ್ಕು ದಿನದಿಂದ ಇವನು ಏನೂ ತಿನ್ನುವುದಿಲ್ಲ, ಮಲಗುವುದಿಲ್ಲ. ಅವಳು ಅದೆಂತ ಕಲಸಿ ಕೊಡ್ತಿದ್ದಳೋ, ಹೇಗೆ ಮಲಗಿಸ್ತಿದ್ದಳೋ, ನನಗೆ ಗೊತ್ತಿಲ್ಲ.” ದನಿ ಒಡೆದಿತ್ತು. ಪಾಪ ಅನಿಸಿತು, ನಿಜವಾಗಿಯೂ.

“ಮೊದಲು ಮ್ಯಾಗ್ಡಲಿನ್‌ಳನ್ನು ಕೇಳ್ತೇನೆ ಆಂಟಿ. ಕೊಡಬಹುದು ಅಂದರೆ ಕೊಡ್ತೇನೆ.”

“ಅವಳನ್ನು ಕೇಳುವುದಾ?”

“ಹೌದು.”

ಆ ಕಡೆ ಮಗುವಿನ ಅಳು ಜೋರಾಯಿತು. “ಸರಿ. ಬೇಗ ಕೇಳು,” ಎಂದು ಇಟ್ಟರು.

ಕಿನ್ನಿಗೋಳಿಗೆ ಫೋನ್ ಹಚ್ಚಿದೆ. ಅಲ್ಲಿ ಸಂಜೆ ಐದು ದಾಟಿತ್ತು. ಎತ್ತಿದ್ದು ಪಕ್ಕದ ಮನೆಯ ಹೆಂಗಸು. ಬೇಲಿಯ ಹತ್ತಿರ ಹೋಗಿ ಕರೆದು ವಾಪಸ್ ಬಂದರು. ಚಪ್ಪಲಿಯ ಸದ್ದು ಕೇಳಿಸಿತು.

“ಮಧ್ಯಾಹ್ನ ಊಟ ಮಾಡಿ ಮಲಗಿದವಳು ಇನ್ನೂ ಎದ್ದಿಲ್ಲವಂತೆ. ಬಂದ ದಿನದಿಂದ ಹೀಗೇ. ಏನೋ ಅರ್ಜೆಂಟ್ ಇದ್ದರೆ ಎಬ್ಬಿಸ್ತೇನೆ, ಎಬ್ಬಿಸಬೇಕಾ?”

ಬೇಡ ಎಂದೆ. ಮಲಗಲಿ.